ವಾಡೆಯ ಮೋಟಾರು, ಬಾವಿಯ ಎಂಜಿನು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ಓದುಗರಿಗೆ ಬಿಳಿಜೋಳದ ಹೊಲ, ಲಿಂಬೆಯ ತೋಟ, ಬರಗಾಲ ಇವು ನೆನಪಾದಾವೇ ಹೊರತು ಮೋಟಾರುಗಾಡಿ ನೆನಪಾಗಲಾರದು. ಹಳೆಯ ಕಾರುಗಳ ಮಾತು ಬಂದಾಗ ನಾವು ಮೈಸೂರಿನ ಅರಮನೆಯನ್ನೋ ಧರ್ಮಸ್ಥಳದ ಸಂಗ್ರಹವನ್ನೋ ಹೆಸರಿಸಿ ಸುಮ್ಮನಾಗುತ್ತೇವೆ. ಹಳೆಯ ಮೋಟಾರುಗಳ ಹುಚ್ಚು ಹಿಡಿದು ಈ ನಾಲ್ಕು ತಾಲೂಕುಗಳ ಹಳ್ಳಿಗಳನ್ನು ಅಲೆದವನು ನಾನು. ಅರಮನೆಯ ಕಾರಿಗೆ ದಫ್ತರದಲ್ಲಿ ಕಾಗದಪತ್ರಗಳಿರುತ್ತವೆ. ಹಳ್ಳಿಯ ಕಾರಿಗೆ ಅದರ ಕಬ್ಬಿಣವೇ ಕಾಗದಪತ್ರ. ಅದನ್ನು ಓದಲು ಕಲಿಯಬೇಕು, ಅಷ್ಟೆ.

ಈ ನಾಡಿಗೆ ಮೋಟಾರು ಬಂದದ್ದಕ್ಕೆ ರೈಲೇ ಒಂದು ಕಾರಣವೆಂದರೆ ವಿಚಿತ್ರವೆನಿಸೀತು. ಗದಗದಿಂದ ಹೋಟಗಿಗೆ ವಿಜಾಪುರದ ಮೇಲೆ ಹಾಯುವ ರೈಲುದಾರಿ 1884ರಲ್ಲಿ ತೆರೆಯಿತು. ಆದರೆ ಇಂಡಿ ರೋಡ್ ನಿಲ್ದಾಣ ಇಂಡಿಯಲ್ಲಿಲ್ಲ; ಬಸವನ ಬಾಗೇವಾಡಿ ರೋಡ್ ನಿಲ್ದಾಣ ಬಾಗೇವಾಡಿಯಲ್ಲಿಲ್ಲ. ನಿಲ್ದಾಣದ ಹೆಸರಿಗೆ ಅಂಟಿದ ಆ ‘ರೋಡ್’ ಎಂಬ ಎರಡಕ್ಷರದಲ್ಲಿ ಎಷ್ಟು ಹರದಾರಿಯ ಧೂಳು ಅಡಗಿದೆಯೆಂಬುದು ಇಳಿದು ನಡೆದವರಿಗೇ ಗೊತ್ತು. ಸಿಂದಗಿ, ಮುದ್ದೇಬಿಹಾಳಗಳಿಗಂತೂ ರೈಲು ಬರಲೇ ಇಲ್ಲ. ನಿಲ್ದಾಣಕ್ಕೂ ಊರಿಗೂ ನಡುವಿನ ಈ ಹಾದಿಯನ್ನು ಎತ್ತಿನ ಗಾಡಿಯೊಡನೆ ಹಂಚಿಕೊಳ್ಳಲು ಮೋಟಾರು ಬಂತು. ಕೊಂಡವರು ಅರಳೆಯ ಸಾಹುಕಾರರು, ದೇಸಾಯರು, ದೊಡ್ಡ ಒಕ್ಕಲಿನ ಗೌಡರು. ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಗಾಲಿ ಹೂಳುತ್ತಿದ್ದ ಈ ಸೀಮೆಗೆ ನೆಲದಿಂದ ಎತ್ತರವಾಗಿ ನಿಲ್ಲುವ ಅಮೇರಿಕೆಯ ತಳಿಯ ಗಾಡಿಗಳೇ ಹೊಂದುತ್ತಿದ್ದವು.

ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ನು ಬಂತು. ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ಬಸ್ಸು ಓಡಿಸಿದರು. ಖಾಸಗಿ ಕಾರುಗಳು ಮಾತ್ರ ಅಟ್ಟಣೆಯ ಕೆಳಗೆ ನಿಂತವು. ಎಷ್ಟೋ ಮತ್ತೆ ಏಳಲಿಲ್ಲ. ನಿಂತ ಕಾರನ್ನು ನಮ್ಮ ರೈತ ವ್ಯರ್ಥ ಮಾಡುವವನಲ್ಲ. ಎಂಜಿನು ಬಾವಿಗೋ ಹಿಟ್ಟಿನ ಗಿರಣಿಗೋ ಹೋಯಿತು. ಅಚ್ಚು ಮತ್ತು ಗಾಲಿ ಟಯರಿನ ಚಕ್ಕಡಿಗೆ ಹೋದವು. ದೀಪ ಮದುವೆಯ ಹಂದರಕ್ಕೆ, ಕಂಬಿಪಟ್ಟಿ ಕಂಬಾರನ ಕುಲುಮೆಗೆ. ಆದ್ದರಿಂದ ನಮ್ಮ ಕಡೆ ಹಳೆಯ ಮೋಟಾರು ಹುಡುಕುವವನು ಮೋಟಾರನ್ನು ಹುಡುಕಬಾರದು. ಕೊಟ್ಟಿಗೆ, ಬಾವಿಕಟ್ಟೆ, ಅಡಿಗೆಮನೆಗಳನ್ನು ನೋಡಬೇಕು.

ಇಂಡಿ ತಾಲೂಕಿನ ಒಂದು ವಾಡೆಗೆ ನನ್ನನ್ನು ಕರೆದದ್ದು ಇಂಥದೇ ಕೆಲಸಕ್ಕೆ. ಪುಣೆಯ ಕಡೆಯ ಒಬ್ಬ ದಲಾಲಿ ಕಾರು ಕೇಳಲು ಬಂದಿದ್ದ. ‘ಇದು 1926ರ ಫೋರ್ಡು, ಟಿ ಮಾಡೆಲ್ಲು’ ಎಂದು ನಾನು ಬರೆದು ಕೊಡಬೇಕು.

“ನಮ್ಮ ಮುತ್ಯಾ ಛಬ್ಬೀಸನೇ ಸಾಲಿಗೆ ಸೊಲ್ಲಾಪುರದಿಂದ ತಂದಿದ್ರೀ ಸರ. ಊರೆಲ್ಲ ಹೇಳ್ತದ,” ಎಂದರು ಮನೆಯ ಯಜಮಾನರು.

ತಾಡಪತ್ರಿ ಸರಿಸಿದೆ. ಒಂದು ನಿಮಿಷಕ್ಕೇ ಮನಸ್ಸು ಕುಗ್ಗಿತು. ಟಿ ಮಾಡೆಲ್ಲನ್ನು ಗುರುತಿಸಲು ಬಾನೆಟ್ಟು ಎತ್ತಬೇಕಾಗಿಲ್ಲ, ಕಾಲಿಡುವ ಜಾಗ ನೋಡಿದರೆ ಸಾಕು. ಅದರಲ್ಲಿ ಮೂರು ಪೆಡಲುಗಳಿರುತ್ತವೆ: ಎಡದ್ದು ವೇಗ ಬದಲಿಸಲು, ನಡುವಿನದು ಹಿಂದಕ್ಕೆ ಹೋಗಲು, ಬಲದ್ದು ಬ್ರೇಕಿಗೆ. ಎಣ್ಣೆ ಕೊಡುವುದು ಕಾಲಿನಿಂದಲ್ಲ, ಸ್ಟಿಯರಿಂಗಿನ ಕೆಳಗಿನ ಸಣ್ಣ ಹಿಡಿಕೆಯಿಂದ. ಇಲ್ಲಿ ನೆಲದಿಂದ ಗೇರಿನ ಕೋಲು ಎದ್ದಿತ್ತು. ಗಾಲಿಗೆ ಕಟ್ಟಿಗೆಯ ಕಾಲುಗಳಿಲ್ಲ, ಉಕ್ಕಿನ ತಂತಿಯ ಕಡ್ಡಿಗಳು. ಇದು ಟಿ ಅಲ್ಲ, ಅದರ ತಮ್ಮ ‘ಎ’. ಟಿ ಮಾಡೆಲ್ಲಿನ ತಯಾರಿಕೆ 1927ರ ಮೇ ತಿಂಗಳಲ್ಲಿ ನಿಂತಿತು. ಎ ಮಾಡೆಲ್ಲನ್ನು ಜನ ಕಂಡದ್ದು ಅದೇ ವರುಷದ ಡಿಸೆಂಬರಿನಲ್ಲಿ. 1926ರಲ್ಲಿ ಇದನ್ನು ತರುವುದೆಂದರೆ ಹುಟ್ಟದ ಮಗುವಿಗೆ ತೊಟ್ಟಿಲು ಕಟ್ಟಿದಂತೆ.

ಎಂಜಿನಿನ ಎಡಮಗ್ಗುಲಲ್ಲಿ, ನೀರು ಒಳಹೋಗುವ ನಳಿಗೆಯ ಮೇಲೆ ನಂಬರು ಒತ್ತಿರುತ್ತಾರೆ. ಇಂಥಲ್ಲಿ ತಂತಿಯ ಬ್ರಷ್ಷು, ಉಪ್ಪುಕಾಗದ ಎಂದೂ ಬಳಸಬಾರದು. ಉಜ್ಜಿದ ನಂಬರನ್ನು ಯಾರೂ ನಂಬುವುದಿಲ್ಲ. ಚಿಮಣಿ ಎಣ್ಣೆಯ ಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದೆ. ಬಿಳಿಯಾಗಿ ‘ಸಿಎ’ ಎಂಬ ಅಕ್ಷರಗಳೂ ಹಿಂದೆ ಅಂಕೆಗಳೂ ಮೂಡಿದವು. ಸಿ ಎಂದರೆ ಕೆನಡಾ. ಬ್ರಿಟಿಷ್ ಸಾಮ್ರಾಜ್ಯದ ನಾಡುಗಳಿಗೆ ಬಲಗೈ ಚಾಲನೆಯ ಫೋರ್ಡುಗಳು ಬರುತ್ತಿದ್ದುದು ಹೆಚ್ಚಾಗಿ ಅಲ್ಲಿಂದಲೇ. ರಿಮ್ಮು ಅಳೆದೆ, 19 ಇಂಚು. 1928, 29ರ ಎ ಮಾಡೆಲ್ಲಿಗೆ 21 ಇಂಚಿನದು. 19 ಇಂಚು ಬಂದದ್ದು 1930ರಲ್ಲಿ.

ಯಜಮಾನರ ಮುಖ ಬಾಡಿತು. “ಹಂಗಾರ ನಮ್ಮ ಮುತ್ಯಾ ಸುಳ್ಳ ಹೇಳಿದ್ರೇನ್ರೀ?”

ಈ ಪ್ರಶ್ನೆಗೆ ನನ್ನ ಅಳತೆಪಟ್ಟಿಯಲ್ಲಿ ಉತ್ತರವಿರಲಿಲ್ಲ. ಚಹಾಕ್ಕೆಂದು ಪಡಸಾಲೆಯಲ್ಲಿ ಕೂತೆವು. ಕಿರ್ದಿ ಪುಸ್ತಕಗಳ ರಾಶಿಯ ಮೇಲೆ ಭಾರಕ್ಕೆಂದು ಒಂದು ಪುಟ್ಟ ಮರದ ಪೆಟ್ಟಿಗೆ ಇಟ್ಟಿದ್ದರು. ಮೂಲೆಗಳಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿದ ಕೆಲಸ, ಮೇಲೆ ಹಿತ್ತಾಳೆಯ ತುಣುಕು, ಒಳಗೆಲ್ಲ ಡಾಂಬರು. ಮುಚ್ಚಳವೇ ಇಲ್ಲದ ಈ ಪೆಟ್ಟಿಗೆ ಯಾತರದೆಂದು ಮನೆಯಲ್ಲಿ ಯಾರಿಗೂ ತಿಳಿಯದು. ನನಗೆ ಎದೆ ಹಾರಿತು. ಟಿ ಮಾಡೆಲ್ಲಿಗೆ ಕಿಡಿ ಕೊಡುವ ಕಾಯಿಲು ಅದು. ಒಂದು ಕಾರಿಗೆ ಇಂಥವು ನಾಲ್ಕು. ಎ ಮಾಡೆಲ್ಲಿಗೆ ಇವುಗಳ ಗೊಡವೆಯೇ ಇಲ್ಲ.

ಕಾಯಿಲನ್ನು ಎತ್ತಿ, ಅದರ ಕೆಳಗಿನ ಕಿರ್ದಿಗಳನ್ನೇ ಬಿಚ್ಚಿಸಿದೆವು. ಶಕೆ 1848, ಕ್ಷಯ ಸಂವತ್ಸರದ ಪುಟದಲ್ಲಿ ‘ಮೋಟಾರ ಖರೀದಿ’ ಎಂದಿತ್ತು. ಅದು 1926-27. ಮುಂದೆ ಶಕೆ 1852, ಪ್ರಮೋದೂತ ಸಂವತ್ಸರದಲ್ಲಿ ‘ದುಸರಾ ಮೋಟಾರ’. ಅದು 1930-31. ರಿಮ್ಮು ಹೇಳಿದ್ದನ್ನೇ ಕಿರ್ದಿಯೂ ಹೇಳಿತು. ಮುತ್ಯಾ ಸುಳ್ಳು ಹೇಳಿರಲಿಲ್ಲ, ಎರಡು ಕಾರುಗಳಿದ್ದವು. ಊರಿನ ನೆನಪಿನಲ್ಲಿ ಅವು ಕೂಡಿ ಒಂದಾಗಿದ್ದವು. ಒಳಗಿನಿಂದ ಯಜಮಾನರ ತಾಯಿ ಮಾತು ಸೇರಿಸಿದರು: “ನಾ ಸೊಸಿಯಾಗಿ ಬಂದಾಗ ಕಟ್ಟಿಗಿ ಗಾಲಿ ದನದ ಕೊಟ್ಟಿಗ್ಯಾಗ ಬಿದ್ದಿದ್ವು, ಯಪ್ಪಾ. ಒಂದು ಮಳಿಗಾಲ ಉರುವಲ ಸಾಲಲಿಲ್ಲ, ಒಲಿಗೆ ಹಾಕಿದ್ವಿ. ಚಲೋ ಉರದ್ವು.”

ಬಾವಿಯ ಬದಿಯಲ್ಲಿ ಬೋರಲು ಬಿದ್ದಿದ್ದ ಎಂಜಿನು ಅಂದೇ ಸಂಜೆ ಸಿಕ್ಕಿತು. ಬೋಲ್ಟುಗಳ ತಲೆಯ ಮೇಲೂ ಫೋರ್ಡಿನ ಆ ಬಳ್ಳಿಯಕ್ಷರ. ನಂಬರಿನ ಮುಂದೆ ‘ಸಿ’ ಒಂದೇ.

ಈಗ ಬೆಲೆಯ ಮಾತು. ವಯಸ್ಸು ಹೆಚ್ಚಿದಷ್ಟೂ ಬೆಲೆ ಹೆಚ್ಚೆಂಬುದು ನಮ್ಮವರ ದೊಡ್ಡ ತಪ್ಪು ತಿಳಿವಳಿಕೆ. ಟಿ ಮಾಡೆಲ್ಲುಗಳು ತಯಾರಾದದ್ದು 1 ಕೋಟಿ 50 ಲಕ್ಷ, ಎ ಮಾಡೆಲ್ಲುಗಳು ಸುಮಾರು 48 ಲಕ್ಷ. ಅಪರೂಪವೆಂದು ಎರಡನ್ನೂ ಹೇಳುವಂತಿಲ್ಲ. ಇಂಗ್ಲೆಂಡಿನ ಪುಟ್ಟ ಆಸ್ಟಿನ್ ಸೆವೆನ್ ಸುಮಾರು 2 ಲಕ್ಷ 90 ಸಾವಿರ ಮಾತ್ರ. ಹಾಗೆಂದು ಅಪರೂಪದ್ದೇ ಲೇಸೆನ್ನಲೂ ಬಾರದು. ಫೋರ್ಡಿನ ಬಿಡಿಭಾಗಗಳನ್ನು ಅಮೇರಿಕೆಯಲ್ಲಿ ಇಂದಿಗೂ ಹೊಸದಾಗಿ ಮಾಡುತ್ತಾರೆ, ಕಳೆದದ್ದನ್ನು ತುಂಬಬಹುದು. ಹೆಸರಿಲ್ಲದ ಕಂಪನಿಯ ಕಾರಿನಲ್ಲಿ ಕಳೆದದ್ದು ಕಳೆದಂತೆಯೇ. ಬೆಲೆ ಕಟ್ಟುವವನು ನೋಡುವುದು ಎಷ್ಟು ಭಾಗ ಹುಟ್ಟಿನದು, ಏನೇನು ಇಲ್ಲ, ನಂಬರೂ ಕಾಗದವೂ ಒಂದಕ್ಕೊಂದು ಕೂಡುತ್ತವೆಯೇ ಎಂಬುದನ್ನು. ಬಣ್ಣ ಹೊಳೆಯುವುದನ್ನು ನೋಡುವವನು ಕೊಳ್ಳುವವನು, ಅದೂ ಹೊಸಬ.

ದಲಾಲಿಗೆ ಈ ಸಂಶೋಧನೆ ರುಚಿಸಲಿಲ್ಲ. ಆದರೂ ಅವನ ತಲೆ ಚುರುಕು. ಬಾವಿಯ ಎಂಜಿನಿನ ನಂಬರನ್ನು ವಾಡೆಯ ಕಾರಿಗೆ ಒತ್ತಿಸೋಣ, 1926 ಎಂದೇ ಬರೆಯಿರಿ, ಕೈಯಲ್ಲಿ ಇನ್ನಷ್ಟು ದುಡ್ಡು ಬೀಳುತ್ತದೆ ಎಂದು ಯಜಮಾನರ ಕಿವಿಯಲ್ಲಿ ಊದಿದ. ಮಗಳ ಮದುವೆ ಎದುರಿಗಿದ್ದ ಮನೆ. ಅವರು ನನ್ನ ಮುಖ ನೋಡಿದರು. ಎ ಮಾಡೆಲ್ಲಿನ ನಂಬರು ಎಂಜಿನಿನ ಮೇಲಷ್ಟೇ ಅಲ್ಲ, ಕೆಳಗಿನ ಚೌಕಟ್ಟಿನ ಮೇಲೂ ಒತ್ತಿರುತ್ತದೆ. ಮೇಲಿನ ಒಡಲನ್ನು ಎತ್ತದೆ ಅದು ಕಾಣದು. ಇದನ್ನು ಬಲ್ಲ ಗಿರಾಕಿ ಒಂದು ದಿನ ಎತ್ತಿಯೇ ನೋಡುತ್ತಾನೆ. 2021ರ ಜುಲೈಯಲ್ಲಿ ಬಂದ ಕೇಂದ್ರ ಸರಕಾರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರುಷ ದಾಟಿದ, ಮೂಲರೂಪದಲ್ಲಿರುವ ಕಾರಿಗೆ 20,000 ರೂಪಾಯಿ ಶುಲ್ಕ ಕಟ್ಟಿಸಿಕೊಂಡು ‘ವಿಎ’ ಅಕ್ಷರಗಳಿರುವ ಬೇರೆಯೇ ನಂಬರು ಕೊಡುತ್ತಾರೆ. ತಿದ್ದಿದ ನಂಬರಿನ ಕಾರನ್ನು ಅಲ್ಲಿಗೆ ಒಯ್ದರೆ ಮೊದಲು ವಿಚಾರಣೆಗೆ ನಿಲ್ಲುವವರು ದಲಾಲಿಯಲ್ಲ, ಒಡೆಯರು. ಇಷ್ಟನ್ನು ಹೇಳಿ, ‘ಫೋರ್ಡ್ ಎ, ಕೆನಡಾ, 1930’ ಎಂದು ಬರೆದು ಸಹಿ ಹಾಕಿದೆ. ದಲಾಲಿ ಚಹಾ ಕುಡಿಯದೆ ಹೋದ.

ಕೃಷ್ಣೆಯ ಅಣೆಕಟ್ಟುಗಳಿಗಾಗಿ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಊರು ಎತ್ತಿದಾಗ ಇಂಥ ಕಬ್ಬಿಣ ಎಷ್ಟು ಗುಜರಿಯ ತಕ್ಕಡಿಗೆ ಹೋಯಿತೋ! ಅಲ್ಲಿ ಕಾಯಿಲಿಗೂ ಕೊಡಲಿಗೂ ಒಂದೇ ದರ.

ಮುಂದಿನ ಸಲ ಹೋದಾಗ ಕಾರು ಇನ್ನೂ ಮಾರಿರಲಿಲ್ಲ. ಯಜಮಾನರು ಬಾವಿಯ ಎಂಜಿನನ್ನು ವಾಡೆಗೆ ತರಿಸುತ್ತಿದ್ದರು. ಅದನ್ನು ಹೇರಿ ತಂದ ಟಯರಿನ ಚಕ್ಕಡಿ ಬಾಗಿಲಲ್ಲಿ ನಿಂತಿತು. ಅದರ ಅಚ್ಚಿನ ಮೇಲೆ ಏನೋ ಅಕ್ಷರ ಕಂಡಂತಾಗಿ ಸೀಮೆಸುಣ್ಣ ತೆಗೆದು ಬಗ್ಗಿದೆ. ಚಕ್ಕಡಿ ಹೊಡೆಯುವವನು ಗಾಬರಿಯಾಗಿ ಕೂಗಿದ:

“ಅದಕ್ಕ ಮಾತ್ರ ಕೈ ಹಚ್ಚಬ್ಯಾಡ್ರೀ ಸರ, ನಾಳಿ ಕಬ್ಬು ಹೇರೋದೈತಿ!”