ಕೋವಿಯ ಫೀಸಿನಿಂದ ಗೇಟಿನ ಟಿಕೆಟ್ಟಿಗೆ: ಶೆಟ್ಟಿಹಳ್ಳಿ ಅಭಯಾರಣ್ಯಕ್ಕೆ ಐವತ್ತು ತುಂಬಿದಾಗ

ಶೆಟ್ಟಿಹಳ್ಳಿಯ ಕಾಡು ವನ್ಯಜೀವಿ ಅಭಯಾರಣ್ಯ ಎನಿಸಿಕೊಂಡದ್ದು 1974ರ ನವೆಂಬರ್‌ನಲ್ಲಿ. ಶಿವಮೊಗ್ಗದ ಮಗ್ಗುಲಲ್ಲೇ ಸುಮಾರು 395 ಚದರ ಕಿಲೋಮೀಟರ್ ಹರಡಿರುವ ಈ ಕಾಡಿನ ಒಂದು ಕಡೆ ಸಕ್ಕರೆಬೈಲಿನ ಆನೆ ಬಿಡಾರ, ಇನ್ನೊಂದು ಕಡೆ ತ್ಯಾವರೆಕೊಪ್ಪದ ಹುಲಿ ಸಿಂಹಧಾಮ. ಸುವರ್ಣ ವರ್ಷದ ಸಂಚಿಕೆಯೆಂದರೆ ಅಧಿಕಾರಿಗಳ ಪಟ್ಟಿ, ಸಸಿ ನೆಟ್ಟ ಫೋಟೋ ಇರಲೇಬೇಕು. ಅವು ಬೇರೆ ಪುಟಗಳಲ್ಲಿವೆ. ಭದ್ರಾವತಿಯ ಕಾಗದನಗರದವನಾದ ನನಗೆ ಕುತೂಹಲ ಬೇರೆಯದು. ಇಲ್ಲಿ ಜಿಂಕೆ, ಕಡವೆಗೆ ಯಾರು ಯಾವ ಕಾಯ್ದೆಯಡಿ ಈಡು ಹೊಡೆಯುತ್ತಿದ್ದರು? ಅದು ನಿಂತಾಗ ಇಲಾಖೆಯ ಗಲ್ಲಾಪೆಟ್ಟಿಗೆಗೆ ಏನಾಯಿತು?

ಮೈಸೂರು ಸಂಸ್ಥಾನದಲ್ಲಿ ಶಿಕಾರಿಗೆ ಕಾಯ್ದೆ ಇರಲಿಲ್ಲ ಎಂದುಕೊಳ್ಳುವವರುಂಟು. 1901ರಲ್ಲೇ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ರೆಗ್ಯುಲೇಷನ್ ಬಂದಿತ್ತು. 1963ರಲ್ಲಿ ವನ್ಯಪ್ರಾಣಿ ಮತ್ತು ಪಕ್ಷಿಗಳ ರಕ್ಷಣೆಗೆ ರಾಜ್ಯವೇ ಇನ್ನೊಂದು ಕಾಯ್ದೆ ಮಾಡಿತು. ಲೈಸೆನ್ಸು, ಫೀಸು ಎಲ್ಲ ಕಾಗದದ ಮೇಲಿದ್ದವು. ಆದರೆ ಹಳ್ಳಿಯ ಶಿಕಾರಿ ನಡೆಯುತ್ತಿದ್ದದ್ದು ಬೇರೆಯದೇ ಕಟ್ಟಳೆಯ ಮೇಲೆ.

ಮಲೆನಾಡಿನ ಹುಡುಗನಿಗೆ ಕೋವಿ ಮೊದಲೇ ಕೈಗೆ ಬರುತ್ತಿರಲಿಲ್ಲ. ಮೊದಲು ಸೋವು. ಹಿರಿಯರು ಕೋವಿ ಹಿಡಿದು ಕಾಯುವ ಜಾಗದಲ್ಲಿ, ಅಂದರೆ ಬಿಲ್ಲಿಗೆ, ನಿಂತರೆ ಹುಡುಗರು ನಾಯಿಗಳ ಜೊತೆ ಹಳು ನುಗ್ಗಿ, ಕೂಗು ಹಾಕಿ ಪ್ರಾಣಿ ಎಬ್ಬಿಸಬೇಕು. ಯಾವ ಕಂಡಿಯಲ್ಲಿ ಕಡವೆ ಇಳಿಯುತ್ತದೆ, ಹೆಜ್ಜೆ ಹೊಸದೋ ನಿನ್ನೆಯದೋ, ಗಾಳಿ ಯಾವ ಕಡೆಗಿದೆ ಎಂಬುದೆಲ್ಲ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡೇ ಕಲಿಯುವ ವಿದ್ಯೆ. ಆಮೇಲೆ ಕೇಪಿನ ಕೋವಿ ತುಂಬುವ ಕೆಲಸ. ಅಳತೆಯ ಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿಯಬೇಕು. ಕೇಪು ಮಾತ್ರ ಕೊನೆಯಲ್ಲಿ, ಅದೂ ದೊಡ್ಡವರ ಕೈಯಿಂದ. ಮದ್ದು ಹೆಚ್ಚಾದರೆ ನಳಿಗೆ ಸೀಳಿ ಮುಖಕ್ಕೇ ಬರುತ್ತದೆ ಎಂಬ ಎಚ್ಚರಿಕೆ ಕೇಳದ ಹುಡುಗನಿಲ್ಲ. ಮಾಂಸದಲ್ಲಿ ಈಡು ಹೊಡೆದವನಿಗೆ ಒಂದು ಕೈ ಹೆಚ್ಚು, ಸೋವಿದವರಿಗೆಲ್ಲ ಪಾಲು, ನಾಯಿಗೂ ಪಾಲು.

ಇದನ್ನು ಬರೆಯುವಾಗ ಹಳೆಯ ಕಾಲವನ್ನು ಹೊಗಳುವ ಚಪಲ ಬರುತ್ತದೆ, ತಡೆದುಕೊಳ್ಳಬೇಕು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಕಾಡಿನೊಳಗೆ ರಸ್ತೆಯಾಯಿತು, ಜೀಪು ಬಂತು, ಐದು ಸೆಲ್ಲಿನ ಬ್ಯಾಟರಿ ಬಂತು. ಬೆಳಕಿಗೆ ಕಣ್ಣು ಕೋರೈಸಿ ನಿಂತ ಜಿಂಕೆಯನ್ನು ಜೀಪಿನಿಂದ ಇಳಿಯದೆ ಹೊಡೆಯುವವನಿಗೆ ಸೋವೂ ಬೇಡ, ಹೆಜ್ಜೆಯ ಗುರುತೂ ಬೇಡ. ಬಸುರಿ, ಮರಿ ಎಂಬ ಭೇದವೂ ಉಳಿಯಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಕೈಹಾಕಿದ್ದು ಇಂಥದ್ದಕ್ಕೇ. ಆ ಕಾಯ್ದೆ ಬಂದ ದಿನವೇ ಬೇಟೆ ಪೂರ್ತಿ ನಿಂತಿತೆಂದು ಹಲವರು ತಿಳಿದಿದ್ದಾರೆ. ಹಾಗಾಗಲಿಲ್ಲ. ಮೂಲ ಕಾಯ್ದೆಯಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬೇರೆ ಬೇರೆ ಲೈಸೆನ್ಸುಗಳಿದ್ದವು. ಜಿಂಕೆ, ಕಡವೆಗಳು ದೊಡ್ಡ ಬೇಟೆಯ ಪಟ್ಟಿಯಲ್ಲಿದ್ದವು. ವಾಹನದಿಂದ ಹೊಡೆಯಕೂಡದು, ರಾತ್ರಿ ಹೊಡೆಯಕೂಡದು, ಬ್ಯಾಟರಿ ಬಿಡಕೂಡದು. ವಿಶೇಷ ಅನುಮತಿ ಇಲ್ಲದೆ ಹೆಣ್ಣನ್ನೂ ಮರಿಯನ್ನೂ ಮುಟ್ಟಕೂಡದು. ಕೊಂಬು ಉದುರಿ ಹೊಸ ಕೊಂಬು ಮೂಡುವಾಗ ಅದರ ಮೇಲೆ ಮಖಮಲ್ಲಿನಂಥ ಮೆತ್ತನೆ ತೊಗಲಿರುತ್ತದಲ್ಲ, ಆ ಹಂತದ ಗಂಡನ್ನೂ ಹೊಡೆಯಕೂಡದು. ಬರೆದವರಿಗೆ ಜಿಂಕೆಯ ವರ್ಷಚಕ್ರ ಗೊತ್ತಿತ್ತು. ಶೆಟ್ಟಿಹಳ್ಳಿ ಅಭಯಾರಣ್ಯವಾದ ಮೇಲೆ ಅದರ ಗಡಿಯೊಳಗೆ ಶಿಕಾರಿಗೆ ಜಾಗವಿರಲಿಲ್ಲ. ದೇಶದಲ್ಲಿ ಬೇಟೆಯ ಲೈಸೆನ್ಸು ಎಂಬುದೇ ಹೋದದ್ದು 1991ರ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ.

ಹುಡುಗರ ಮಟ್ಟಿಗೆ ಬಾಗಿಲು ಮುಚ್ಚಿದ್ದು ಇನ್ನೊಂದು ಕಾಯ್ದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿ ಹಿಡಿಯಲು ಹದಿನಾರು ತುಂಬಿದ್ದರೆ ಸಾಕಿತ್ತು. 1983ರ ತಿದ್ದುಪಡಿ ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಅಷ್ಟು ಹೊತ್ತಿಗೆ ಹುಡುಗ ಐಟಿಐ ಮುಗಿಸಿ ಭದ್ರಾವತಿಯ ಕಾರ್ಖಾನೆಯ ಗೇಟಿನಲ್ಲಿ ನಿಂತಿರುತ್ತಿದ್ದ. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ಅಪ್ಪನ ಕೋವಿ ಈಗ ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಬರುವ ವಸ್ತು.

ಇನ್ನು ದುಡ್ಡಿನ ಮಾತು. ಅಮೆರಿಕದಲ್ಲಿ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ಲು, ತೋಟಾಗಳ ಮೇಲೆ ಶೇಕಡಾ 11ರ ತೆರಿಗೆ ಬೀಳುತ್ತದೆ. ಅದು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹಂಚಿಕೆಯಾಗುವುದು ಅರ್ಧ ವಿಸ್ತೀರ್ಣ ನೋಡಿ, ಅರ್ಧ ಲೈಸೆನ್ಸು ಕೊಂಡ ಬೇಟೆಗಾರರ ತಲೆ ಎಣಿಸಿ. ಹಾಗಾಗಿ ಅಲ್ಲಿ ಹುಡುಗರು ಜಿಂಕೆ ಬೇಟೆ ಬಿಟ್ಟು ಮೊಬೈಲು ಹಿಡಿದರೆ ಇಲಾಖೆಯ ಬಜೆಟ್ಟಿಗೇ ಪೆಟ್ಟು. ಮಕ್ಕಳಿಗೆಂದೇ ಪ್ರತ್ಯೇಕ ಬೇಟೆ ದಿನ, ಅಗ್ಗದ ಲೈಸೆನ್ಸು ಇಟ್ಟು ಅವರನ್ನು ಕಾಡಿಗೆ ಕರೆಯುತ್ತಾರೆ.

ನಮ್ಮಲ್ಲಿ ಶಿಕಾರಿಯ ಫೀಸು ಅರಣ್ಯ ಇಲಾಖೆಯ ಹೊಟ್ಟೆ ತುಂಬಿಸಿದ್ದೇ ಇಲ್ಲ. ತುಂಬಿಸಿದ್ದು ಗಂಧ, ತೇಗ, ಬೀಟೆ, ಬಿದಿರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿದ್ದೇ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ. 1936ರಲ್ಲಿ ಹುಟ್ಟಿದ ನಮ್ಮ ಮೈಸೂರು ಕಾಗದ ಕಾರ್ಖಾನೆಗೆ ಬಿದಿರು ಬೇಕಿತ್ತು, ಆಮೇಲೆ ನೀಲಗಿರಿ, ಅಕೇಶಿಯಾ. ಕಡವೆ ಮೇಯುವ ಎಳೆ ಬಿದಿರು, ಅದು ಅಡಗುವ ಮೆಳೆ ನಮ್ಮೂರಿನಲ್ಲಿ ಕಾಗದವಾಯಿತು. ಆ ಕಾಗದದಲ್ಲಿ ನಾವೆಲ್ಲ ಓದಿ ಬರೆದೆವು. ಜಿಂಕೆಗೆ ಹೆಚ್ಚು ಹಾನಿ ಮಾಡಿದ್ದು ಕೋವಿಯೋ ಗರಗಸವೋ ಎಂದು ಕೇಳಿದರೆ ನಾನು ಗರಗಸವೆನ್ನುತ್ತೇನೆ. ಬೇಟೆ ನಿಂತಾಗ ಇಲಾಖೆಗೆ ಆದಾಯ ತಪ್ಪಲಿಲ್ಲ. ತಪ್ಪಿದ್ದು ಕಾಡು ಬಲ್ಲ ಹಳ್ಳಿಗರ ಜೊತೆಗಿನ ನಂಟು.

ಈ ಅಭಯಾರಣ್ಯದೊಳಗಿನ ಊರುಗಳಲ್ಲಿ ಶರಾವತಿ ಯೋಜನೆಯಿಂದ ಮುಳುಗಡೆಯಾಗಿ ಬಂದವರಿದ್ದಾರೆ. ಸರ್ಕಾರವೇ ಕರೆತಂದು ಕಾಡಿನಲ್ಲಿ ಕೂರಿಸಿತು, ಆಮೇಲೆ ಆ ಕಾಡಿಗೇ ಅಭಯಾರಣ್ಯದ ಹೆಸರಿಟ್ಟಿತು. ಗದ್ದೆಗೆ ಹಂದಿ, ಜಿಂಕೆ ನುಗ್ಗಿದರೆ ಹಿಂದಿನವರು ಕೋವಿ ಎತ್ತುತ್ತಿದ್ದರು, ಈಗಿನವರು ಪರಿಹಾರದ ಅರ್ಜಿ ಬರೆಯಬೇಕು. ಮಗ್ಗುಲಿನ ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿ ದೆಹಲಿಯ ಅನುದಾನ ಕಂಡಿತು. ಒಳಗಿನ ಕುಟುಂಬಗಳು ಎಂ.ಸಿ. ಹಳ್ಳಿಗೆ ಜಮೀನು ಪಡೆದು ಹೋದವು. ಶೆಟ್ಟಿಹಳ್ಳಿಗೆ ಹುಲಿ ಯೋಜನೆಯ ಆ ಯೋಗ ಬರಲಿಲ್ಲ.

ಬಂದದ್ದು ಗೇಟಿನ ಟಿಕೆಟ್ಟು. 1988ರಲ್ಲಿ ತೆರೆದ ತ್ಯಾವರೆಕೊಪ್ಪದಲ್ಲಿ ಭಾನುವಾರ ಬೆಳಿಗ್ಗೆ ಜಾಲರಿ ಬಿಗಿದ ಬಸ್ಸು ಹೊರಡುವಾಗ ನೋಡಬೇಕು. ಹುಲಿ ಕಾಣದೆ ಮುಖ ಸಪ್ಪಗೆ ಮಾಡಿಕೊಂಡ ಮಕ್ಕಳು ಜಿಂಕೆಯ ಹಿಂಡು ಕಂಡರೆ ಕಿಟಕಿಗೆ ಮುಗಿಬೀಳುತ್ತಾರೆ. ಕೋವಿಡ್ ಕಾಲದಲ್ಲಿ ಗೇಟು ಮುಚ್ಚಿದಾಗ ಮೈಸೂರಿನಂಥ ಮೃಗಾಲಯವೇ ದಾನಿಗಳತ್ತ, ಪ್ರಾಣಿ ದತ್ತು ಪಡೆಯುವವರತ್ತ ನೋಡಬೇಕಾಯಿತು. ಬೇಟೆಗಾರನ ಲೈಸೆನ್ಸನ್ನು ನೆಚ್ಚಿದ ಅಮೆರಿಕದ ಇಲಾಖೆಗಳ ಕಷ್ಟ ನಮಗೂ ಅಂಟಿದೆ, ಗಿರಾಕಿ ಮಾತ್ರ ಬೇರೆ.

ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಒಳ್ಳೆಯ ಕೆಲಸ. ಆದರೆ ಒಂದೆರಡು ದಿನದಲ್ಲಿ ಹೆಜ್ಜೆಯ ಗುರುತು ಕಲಿಯಲಾಗುವುದಿಲ್ಲ. ಅಂಚಿನ ಹಳ್ಳಿಗಳ ಹುಡುಗ ಹುಡುಗಿಯರನ್ನೇ ಆರಿಸಿ, ವರ್ಷವಿಡೀ ವಾಚರುಗಳ ಜೊತೆ ಗಸ್ತು ತಿರುಗಿಸಿ, ಕಡವೆಯ ಹಿಕ್ಕೆ ಎಣಿಸಲು ಹಚ್ಚಿ, ಗೇಟಿನ ಹಣದಲ್ಲೇ ಅವರಿಗೆ ಕೂಲಿ ಕೊಡಬಹುದು. ಸೋವಿಗೆ ಹೋಗಿದ್ದ ಕೆಲವು ಅಜ್ಜಂದಿರು ಇನ್ನೂ ಗಟ್ಟಿಯಾಗಿದ್ದಾರೆ. ಕಂಡಿಗಳನ್ನು ತೋರಿಸಲು ಅವರನ್ನೂ ಈ ವರ್ಷವೇ ಕರೆಯಬೇಕು.