ಕೇಳಿದವರಿಗೆಲ್ಲ ಕೊಡೋ ಸರ್ವರ್: ನೆಟ್‌ವರ್ಕ್ ಇನ್‌ಸ್ಟಾಲ್‌ನ ಹಿಂದಿನ ಕಥೆ

ಚೆನ್ನೈನ ಓಎಂಆರ್ ಕಡೆ ಸಿಸ್ಟಮ್ ಅಡ್ಮಿನ್ ಕೆಲಸ ಮಾಡೋ ನಮ್ಮವರಿಗೆ ಇವತ್ತಿನ ವಿಷಯ ದಿನನಿತ್ಯದ್ದು. ನಲವತ್ತು ಹೊಸ ಕಂಪ್ಯೂಟರ್ ಬಂದಿವೆ ಅಂದ್ಕೊಳ್ಳಿ. ಕೇಬಲ್ ಹಾಕಿ ಆನ್ ಮಾಡಿದ್ರೆ ಲಿನಕ್ಸ್ ತಾನಾಗೇ ಇನ್‌ಸ್ಟಾಲ್ ಆಗಬೇಕು. ಯಾವ ಪ್ಯಾಕೇಜ್, ರೂಟ್ ಪಾಸ್‌ವರ್ಡ್ ಏನು, ಈ ಮಾಹಿತಿಯನ್ನ ಎಲ್ಲಿಡೋದು? ಯಾರ್ಯಾರು ಓದಬಹುದು?

ಇದರ ಬೇರು ಹಳೇದು. 1981ರಲ್ಲಿ ಟಿಎಫ್‌ಟಿಪಿ ಬಂತು. ಪುಟ್ಟ ಬೂಟ್ ಚಿಪ್‌ನಲ್ಲಿ ಹಿಡಿಸಬೇಕಿತ್ತು, ಹಾಗಾಗಿ ಅದರಲ್ಲಿ ಲಾಗಿನ್ನೇ ಇಲ್ಲ. ಫೈಲ್ ಹೆಸರು ಗೊತ್ತಿದ್ದವರಿಗೆ ಫೈಲ್ ಸಿಗುತ್ತೆ. 1985ರಲ್ಲಿ ಬೂಟ್‌ಪಿ ಸೇರ್ಕೊಂಡಿತು. 1999ರಲ್ಲಿ ಇಂಟೆಲ್‌ನ ಪಿಎಕ್ಸ್‌ಇ 2.1 ಡಿಎಚ್‌ಸಿಪಿ, ಟಿಎಫ್‌ಟಿಪಿಗಳ ಮೇಲೇ ನಿಂತಿತು. ಅದೇ ವರ್ಷ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ ಅವರು ಡೆಬಿಯನ್‌ಗಾಗಿ ಎಫ್‌ಎಐ ಶುರು ಮಾಡಿದರು. ಅದರ ಸಾಂಪ್ರದಾಯಿಕ ಹಾದಿ ಎನ್‌ಎಫ್‌ಎಸ್. ಹಳೇ ಎನ್‌ಎಫ್‌ಎಸ್ ನಂಬೋದು ಐಪಿ ವಿಳಾಸವನ್ನ. ಒಳಗಿನವರೆಲ್ಲ ನಮ್ಮವರೇ ಅನ್ನೋ ಕಾಲದ ಲೆಕ್ಕಾಚಾರ ಅದು.

ಈಗ ಚೆನ್ನೈಗೆ ಬರೋಣ. ಇಲ್ಲಿನ ಸಿ-ಡ್ಯಾಕ್ ಡೆಬಿಯನ್ ಆಧಾರದ ಬಾಸ್ ಲಿನಕ್ಸ್ ಕಟ್ಟಿ 2007ರಲ್ಲಿ ಹೊರತಂದಿತು. ಮುಂದೆ ಶಾಲೆಗಳಿಗೆ ಎಜುಬಾಸ್ ಕೂಡ ಬಂತು. ಅದೇ 2007ರ ಏಪ್ರಿಲ್‌ನಲ್ಲಿ ಡೆಬಿಯನ್ 4.0 ಬಂದಾಗ ಪ್ಯಾಕೇಜ್ ಪಟ್ಟಿಗಳ ಸಹಿಯನ್ನ ಆಪ್ಟ್ ತಾನೇ ಪರೀಕ್ಷಿಸೋಕೆ ಶುರು ಮಾಡಿತು. ದೊಡ್ಡ ಹೆಜ್ಜೆ. ಆದರೆ ಸಹಿ ಹೇಳೋದು ಇಷ್ಟೇ: ಬಂದ ಪ್ಯಾಕೇಜ್ ಅಸಲಿ. ಪ್ರಿಸೀಡ್ ಫೈಲನ್ನ ಪಕ್ಕದ ಯಂತ್ರ ಓದೋದನ್ನ ಅದು ತಡೆಯಲ್ಲ. ಪಾಸ್‌ವರ್ಡ್ ಬದಲು ಹ್ಯಾಶ್ ಇಟ್ಟರೂ, ಸಿಕ್ಕಿದವರು ಮನೆಗೆ ಒಯ್ದು ನಿಧಾನವಾಗಿ ಒಡೆಯಬಹುದು.

ಹಾಗಾದ್ರೆ ಯಾವುದನ್ನ ಆರಿಸೋದು? ಎನ್‌ಎಫ್‌ಎಸ್ ಸುಲಭ, ಆದರೆ ಪ್ರತ್ಯೇಕ ವಿಎಲ್ಯಾನ್‌ನಲ್ಲಿ, ಓದೋಕೆ ಮಾತ್ರ ಬಿಟ್ಟಿರಬೇಕು. ಎಚ್‌ಟಿಟಿಪಿಎಸ್ ದಾರಿಯಲ್ಲಿ ಕದಿಯೋದನ್ನ ತಪ್ಪಿಸುತ್ತೆ, ಸರ್ವರ್ ಅಸಲಿ ಅಂತಾನೂ ತೋರಿಸುತ್ತೆ. ಕೇಳ್ತಿರೋರು ಯಾರು ಅಂತ ಮಾತ್ರ ಅದಕ್ಕೆ ತಾನಾಗಿ ಗೊತ್ತಾಗಲ್ಲ. ಎಸ್‌ಎಸ್‌ಎಚ್ ಮೇಲಿನ ಗಿಟ್ ಆದ್ರೆ ಯಾರು ಏನು ಬದಲಿಸಿದರು ಅನ್ನೋ ದಾಖಲೆಯೂ ಇರುತ್ತೆ. ಆದರೆ ಖಾಲಿ ಯಂತ್ರಕ್ಕೆ ಆ ಕೀ ಕೊಡೋರು ಯಾರು? ಬೀಜ ಮೊದಲೋ ವೃಕ್ಷ ಮೊದಲೋ ಅನ್ನೋ ಹಾಗಾಯ್ತು.

ಎಲ್ಲದರ ತಿರುಳು ಇಲ್ಲೇ ಇದೆ. ಹೊಸ ಯಂತ್ರಕ್ಕೆ ತಾನು ಯಾರು ಅಂತ ತೋರಿಸೋಕೆ ಕೈಯಲ್ಲಿ ಏನೂ ಇರಲ್ಲ. 2015ರ ಯುಇಎಫ್‌ಐ 2.5 ಎಚ್‌ಟಿಟಿಪಿ ಬೂಟ್ ಕೊಟ್ಟರೂ ಈ ಪ್ರಶ್ನೆ ತನ್ನಿಂತಾನೇ ಬಗೆಹರಿಯಲ್ಲ. ಅದಕ್ಕೇ, ಇನ್‌ಸ್ಟಾಲ್ ಮಾಹಿತಿಯಲ್ಲಿ ಗುಟ್ಟು ಇಡಬೇಡಿ. ಎಸ್‌ಎಸ್‌ಎಚ್‌ನ ಪಬ್ಲಿಕ್ ಕೀ ಇಡಿ, ಅದು ಯಾರ ಕಣ್ಣಿಗೆ ಬಿದ್ದರೂ ನಷ್ಟವಿಲ್ಲ. ಪಾಸ್‌ವರ್ಡು, ಸರ್ಟಿಫಿಕೇಟು ಎಲ್ಲ ಇನ್‌ಸ್ಟಾಲ್ ಆದ ಮೇಲೆ, ಒಬ್ಬರು ಯಂತ್ರವನ್ನ ನೋಡಿ ಒಪ್ಪಿದ ಮೇಲೆ ಹೋಗಲಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾಳೆ ಆಫೀಸಿಗೆ ಹೋದಾಗ ನಿಮ್ಮ ಪ್ರಿಸೀಡ್ ಫೈಲನ್ನ ಒಮ್ಮೆ ತೆರೆದು ನೋಡಿ. ಮತ್ತೆ ಸಿಗೋಣ.