ಬಣ್ಣದ ತ್ಯಾಜ್ಯನೀರು: ಸೂಕ್ಷ್ಮಜೀವಿಗಳಿಂದ ಶುದ್ಧೀಕರಣ

ಬಟ್ಟೆಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರಿನ ಬಣ್ಣವನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ನೆರವಿನಿಂದ ತೆಗೆಯುವ ವಿಧಾನ. ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣದಲ್ಲಿ ಕೆಲವೊಮ್ಮೆ ಅರ್ಧದಷ್ಟು ನೂಲಿಗೆ ಹಿಡಿಯದೆ ತೊಟ್ಟಿಯಲ್ಲೇ ಉಳಿಯುತ್ತದೆ. ಈ ಬಣ್ಣಗಳಲ್ಲಿ ಹೆಚ್ಚಿನವು ಅಜೋ ವರ್ಗದವು, ಅಂದರೆ ಜೋಡಿಬಂಧದಿಂದ ಕೂಡಿದ ಎರಡು ನೈಟ್ರೋಜನ್ ಪರಮಾಣುಗಳುಳ್ಳವು. ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳ ಅಜೋರಿಡಕ್ಟೇಸ್ ಕಿಣ್ವವು ಆ ಜೋಡಿಬಂಧವನ್ನು ಮುರಿದಾಗ ಕಡುಗೆಂಪು ನೀರು ತಿಳಿಯಾಗುತ್ತದೆ. ಆದರೆ ತಿಳಿಯಾದ ನೀರೆಲ್ಲ ಶುದ್ಧವಲ್ಲ. ಒಡೆದ ತುಣುಕುಗಳು ಆರೊಮ್ಯಾಟಿಕ್ ಅಮೀನುಗಳು. ಬೆಂಜಿಡಿನ್‌ನಂಥವು ಕ್ಯಾನ್ಸರ್ ತರುತ್ತವೆ. ಆದ್ದರಿಂದ ಗಾಳಿಯೂಡಿ ಅವನ್ನೂ ವಿಘಟಿಸುವ ಎರಡನೆಯ ಹಂತ ಕಡ್ಡಾಯವಾಗಬೇಕು.

ಹತ್ತಿ ಬೆಳೆಯುವ ರಾಯಚೂರು ಸೀಮೆಯಲ್ಲಿ ಬಟ್ಟೆಗೆ ಬಣ್ಣ ಹಾಕುವುದಾದರೆ ಈ ಎಚ್ಚರ ಬೇಕೇ ಬೇಕು. ಅಲ್ಲಿನ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ ನೀರುಣಿಸುತ್ತವೆ. ಇಂಥಲ್ಲಿ ಹಳ್ಳಕ್ಕೆ ಬಿಟ್ಟ ಬಣ್ಣದ ನೀರು ಭತ್ತದ ಗದ್ದೆಗೂ ನದಿಗೂ ಸೇರೀತು. ಪಟಿಕ, ಇದ್ದಿಲು ಬೇಗ ಕೆಲಸ ಮಾಡುತ್ತವಲ್ಲ ಎನ್ನಬಹುದು. ನಿಜ, ಆದರೆ ಅವು ಬಣ್ಣವನ್ನು ನಾಶಮಾಡುವುದಿಲ್ಲ, ರಾಡಿಗೆ ಸಾಗಿಸುತ್ತವೆ ಅಷ್ಟೆ. ಪ್ರಯೋಗಾಲಯದ ಬ್ಯಾಕ್ಟೀರಿಯಾ ತಳಿ ಉಪ್ಪು, ಕ್ಷಾರ ತುಂಬಿದ ನಿಜವಾದ ತ್ಯಾಜ್ಯದಲ್ಲಿ ಸೋಲುತ್ತದೆಂಬ ಆಕ್ಷೇಪ ಇನ್ನೂ ಗಟ್ಟಿಯಾದುದು. ಅದಕ್ಕೆ ಬಣ್ಣದ ನೀರು ಇಂಗಿದ ಮಣ್ಣಿನಿಂದಲೇ ಒಗ್ಗಿಕೊಂಡ ತಳಿಗಳನ್ನು ಆರಿಸುವುದು, ಮೊದಲೇ ಕ್ಷಾರ ತಗ್ಗಿಸುವುದು ಉತ್ತರ. ಇಲ್ಲಿನ ಬಿಸಿಲೂ ನೆರವಾಗುತ್ತದೆ: ಇಂಥ ಹಲವು ಬ್ಯಾಕ್ಟೀರಿಯಾಗಳು 30ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕು. ಹೊರಬಿಡುವ ಮುನ್ನ ಬಣ್ಣವನ್ನಷ್ಟೇ ಅಲ್ಲ, ಅಮೀನುಗಳನ್ನೂ ಅಳೆಯಬೇಕು.